ಪಲ್ಲವಿ ಕಾಯುವ ಬೆಟ್ಟ

ಸಿಡ್ನಿ ವಿಮಾನ ನಿಲ್ದಾಣ

ಆಸ್ಟ್ರೇಲಿಯಾದಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಒಂದು ಕಲ್ಲು. ಕಿಡ್ನಿಯದಲ್ಲ ಮತ್ತೆ, ಸೂಟ್‌ಕೇಸಿನದು. ತಮ್ಮನ ಹೆಂಡತಿ ಸುಧಾಗೆಂದು ಬೆಳಗಾವಿಯಿಂದ ಹೊತ್ತು ತಂದ ಕರಿಕಲ್ಲಿನ ಕುಟ್ಟಾಣಿ. ಆ ದೇಶದವರಿಗೆ ಚಿನ್ನ ತಂದರೂ ಅಷ್ಟು ದಿಗಿಲಿಲ್ಲ, ಮಣ್ಣು ಮತ್ತು ಬೀಜ ಎಂದರೆ ಮೈಯೆಲ್ಲ ಕಣ್ಣಾಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಕರದಂಟು ಎಲ್ಲ ಇದೆ ಎಂದು ನಾನೇ ಮೊದಲು ಹೇಳಿದ್ದೆ. ಅವೆಲ್ಲ ಪಾರಾದವು. ಕುಟ್ಟಾಣಿ ಮಾತ್ರ ಮೇಜಿನ ಮೇಲೆ ಕೂತುಬಿಟ್ಟಿತು.

ಎತ್ತರದ ಹುಡುಗಿಯೊಬ್ಬಳು ಕೈಗವಸು ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬುಡದಲ್ಲಿ ಮಣ್ಣಿದೆಯೇ ಎಂದು ಸಣ್ಣ ಬ್ರಷ್ಷಿನಿಂದ ಉಜ್ಜಿದಳು. ಇದು ಯಾತಕ್ಕೆ ಎಂದು ಕೇಳಿದಳು. "ಚಟ್ನಿ" ಎಂದೆ. ಅವಳಿಗೆ ತಿಳಿಯಲಿಲ್ಲ. ನಾನು ಅಲ್ಲೇ ಗಾಳಿಯಲ್ಲಿ ಬೆಳ್ಳುಳ್ಳಿ ಹಾಕಿ, ಖಾರ ಹಾಕಿ, ಕುಟ್ಟಿ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದವರು ನಕ್ಕರು. ನಕ್ಕರೆ ನಗಲಿ! ಬೆಳಗಾವಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಇದು ಒಂದು ಕಾಲಕ್ಕೆ ಬೆಂಕಿಯಾಗಿ ಹರಿದು ಬಂದ ಕಲ್ಲಮ್ಮಾ, ಇದರೊಳಗೆ ಯಾವ ಹುಳವೂ ಬದುಕುವುದಿಲ್ಲ ಎಂದು ನನ್ನ ಇಂಗ್ಲಿಷಿನಲ್ಲಿ ಪಾಠ ಹೇಳಿದೆ. ಅವಳು "ಗುಡ್ ಆನ್ ಯು" ಎಂದು ಬೆನ್ನು ತಟ್ಟುವ ದನಿಯಲ್ಲಿ ಹೇಳಿ ಕುಟ್ಟಾಣಿ ಕೊಟ್ಟು ಕಳಿಸಿದಳು. ನನ್ನ ಪಾಠ ಮೆಚ್ಚಿದಳು ಅಂದುಕೊಂಡಿದ್ದೆ. ಆ ದೇಶದಲ್ಲಿ ಕಸದ ಡಬ್ಬಿ ಸರಿಯಾದ ದಿನ ಹೊರಗಿಟ್ಟರೂ ಅದೇ ಮಾತು ಹೇಳುತ್ತಾರೆ ಎಂದು ಆಮೇಲೆ ಗೊತ್ತಾಯಿತು.

ನಾನು ಬಂದದ್ದು ತಮ್ಮ ಶಂಕರನ ಅರವತ್ತರ ಶಾಂತಿಗೆ. ಅವನು ನಮ್ಮ ಕಡೆ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್ ಆಗಿ ಆಗಷ್ಟೇ ನಿವೃತ್ತನಾಗಿ, ಸುಧಾಳೊಂದಿಗೆ ಸಿಡ್ನಿಯ ಮಗ ಗಿರೀಶನ ಮನೆಗೆ ಬಂದಿದ್ದ. ಶಾಂತಿ ಮಾತ್ರ ಸಿಡ್ನಿಯಲ್ಲಲ್ಲ, ಬಾಲಿಯ ಹತ್ತಿರದ ಒಂದು ಪುಟ್ಟ ದ್ವೀಪದಲ್ಲಿ. ಹುಬ್ಬಳ್ಳಿ, ಬೆಳಗಾವಿಯ ನೆಂಟರಿಗೆಲ್ಲ ಆಸ್ಟ್ರೇಲಿಯಾದ ವೀಸಾ ಸಿಗುವುದು ಸುಲಭವಲ್ಲ, ಅಲ್ಲಿಗಾದರೆ ಎರಡೂ ಕಡೆಯವರು ಬಂದು ಸೇರಬಹುದು ಎಂಬುದು ಗಿರೀಶನ ಲೆಕ್ಕ. ನಾನು ಒಂದು ತಿಂಗಳು ಮೊದಲೇ ಬಂದೆ. ಯಾಕೆಂದರೆ ನನಗೊಂದು ಒಳಗಿನ ಆಸೆ ಇತ್ತು. ಶಂಕರನ ಮಗಳು ಪಲ್ಲವಿ ಮೆಲ್ಬರ್ನಿನಲ್ಲಿ ಜ್ವಾಲಾಮುಖಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಪ್ರತಿ ವರ್ಷ ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಿಂದ ಜ್ವಾಲಾಮುಖಿ ಬರೆದವಳು ನಾನು, ನಿಜವಾದದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಮಾರ್ಸ್ಡನ್ ಪಾರ್ಕ್

ಗಿರೀಶನ ಮನೆ ಇರುವ ಸಬರ್ಬಿನಲ್ಲಿ ಎಲ್ಲ ಮನೆಗಳೂ ಅವಳಿಜವಳಿ. ಅದೇ ಬೂದು ಹೆಂಚು, ಅದೇ ಕಪ್ಪು ಗ್ಯಾರೇಜು, ಅಂಗಳದಲ್ಲಿ ಅದೇ ಮೊಣಕಾಲೆತ್ತರದ ಗಿಡ. ಬಂದ ಮರುದಿನ ಬೆಳಿಗ್ಗೆ ಒಬ್ಬಳೇ ಅಡ್ಡಾಡಿ ಬಂದೆ. ಬಾಗಿಲು ತೆರೆದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಸುಧಾ, ಚಹಾ ಇಡವಾ" ಎಂದು ಸೋಫಾದಲ್ಲಿ ಕಾಲು ಚಾಚಿದೆ. ಅಡುಗೆಮನೆಯಿಂದ ಗುರುತಿಲ್ಲದ ಹೆಂಗಸೊಬ್ಬಳು ಬಂದಳು.

"ಆಂಟಿ, ನೀವು ರಾಂಗ್ ಹೌಸ್‌ಗೆ ಬಂದಿದ್ದೀರ ಅನ್ಸುತ್ತೆ" ಎಂದಳು. ಬೆಂಗಳೂರಿನವಳು! "ಪರ್ವಾಗಿಲ್ಲ, ಕೂತ್ಕೊಳ್ಳಿ, ಕಾಫಿ ಮಾಡ್ತೀನಿ. ಈ ಸ್ಟ್ರೀಟಲ್ಲಿ ಎಲ್ಲರ ಪೇರೆಂಟ್ಸೂ ಫಸ್ಟ್ ವೀಕ್ ನಮ್ಮನೆಗೇ ಬರ್ತಾರೆ."

ಕಾಫಿ ಕುಡಿದೇ ಎದ್ದೆ. ಬೆಳಗಾವಿಯಲ್ಲಾಗಿದ್ದರೆ ಓಣಿಯ ನಾಯಿಯೇ ನನ್ನನ್ನು ಸರಿಯಾದ ಮನೆಗೆ ಮುಟ್ಟಿಸುತ್ತಿತ್ತು.

ಸರಿಯಾದ ಮನೆಯಲ್ಲಿ ಅಂದು ಸಂಜೆ ಜಗಳ ಶುರುವಾಯಿತು. ಪಲ್ಲವಿ ವಿಡಿಯೋ ಕರೆ ಮಾಡಿದ್ದಳು. ಕುಶಲ ವಿಚಾರಿಸಿದ್ದು ಮುಗಿದ ಮೇಲೆ ಮೆಲ್ಲಗೆ ಹೇಳಿದಳು.

"ಅಪ್ಪಾ, ನೀವು ಹೋಗಬೇಕಂತಿರೋ ದ್ವೀಪದ ಗುಡ್ಡಕ್ಕ ನಿನ್ನೆಯಿಂದ ಆರೆಂಜ್ ಬಣ್ಣದ ಎಚ್ಚರಿಕಿ ಕೊಟ್ಟಾರ. ನಾ ಆಗಿದ್ರ ಹೋಗತಿರಲಿಲ್ಲ."

ಗಿರೀಶ ಆರಿಸಿದ್ದ ರಿಸಾರ್ಟ್ ಆ ಬೆಟ್ಟದ ಕಾಲಬುಡದಲ್ಲೇ ಇತ್ತು. ಕಿಟಕಿ ತೆರೆದರೆ ಬೆಟ್ಟ ಕಾಣುತ್ತದೆ ಎಂದು ನೆಂಟರಿಗೆಲ್ಲ ಫೋಟೋ ಕಳಿಸಿದ್ದ.

"ಅಂದ್ರ ಸಿಡೀತದೇನು?" ಎಂದು ಕೇಳಿದ.

"ಗೊತ್ತಿಲ್ಲ."

"ಯಾವಾಗ ಗೊತ್ತಾಗ್ತದ?"

"ಅದೂ ಗೊತ್ತಿಲ್ಲ, ಅಣ್ಣಾ."

"ನೋಡ್ರಿ ಅತ್ಯಾ ಇಕಿ ಕೆಲಸ!" ಎಂದು ಗಿರೀಶ ನನ್ನ ಕಡೆ ತಿರುಗಿದ. "ಎರಡು ವರ್ಷದ ಹಿಂದ ನಮ್ಮ ಹಾಲಿಡೇ ಹೊತ್ತಿನ್ಯಾಗೂ ಹಿಂಗ ಹೇಳಿದ್ಲು. ನಾವು ಕ್ಯಾನ್ಸಲ್ ಮಾಡಿದ್ವಿ. ಏನೂ ಆಗಲಿಲ್ಲ. ನಮ್ಮ ಫ್ರೆಂಡ್ಸ್ ಎಲ್ಲಾ ಹೋಗಿ ಫೋಟೋ ಹಾಕಿದ್ರು. ಗುಡ್ಡ ಅಗದು ಇಲಿ ಹಿಡದ್ರಂತ!"

ಸುಧಾ ಪಾಪ, ಎದ್ದು ಒಳಗೆ ಹೋದಳು. ಹುಬ್ಬಳ್ಳಿಯಿಂದ ಅವಳ ಅಣ್ಣ ರಾಘಣ್ಣ ಬರುವವನಿದ್ದ. ತವರಿನ ಉಡುಗೊರೆಯಾಗಿ ಬರುವ ಆಹೇರಿ, ಅಣ್ಣನ ಕೈಯಿಂದ ಉಡಿ ತುಂಬಿಸಿಕೊಳ್ಳುವುದು, ಅದಕ್ಕೆಂದೇ ಅವಳು ದಿನ ಎಣಿಸುತ್ತಿದ್ದಳು. ಶಾಂತಿ ಆಸ್ಟ್ರೇಲಿಯಾದಲ್ಲಿ ಎಂದಾದರೆ ರಾಘಣ್ಣನಿಗೆ ವೀಸಾ ಅಷ್ಟರೊಳಗೆ ಸಿಗುವ ಮಾತೇ ಇಲ್ಲ. ಗಿರೀಶನ ಏಳು ವರ್ಷದ ಮಗಳು ಅನ್ವಿ ಎಲ್ಲರ ಮುಖ ನೋಡಿ, "ಈಸ್ ದ ಮೌಂಟನ್ ಆಂಗ್ರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲಿ ಬೆಟ್ಟವೊಂದು ಬಿಟ್ಟು ಉಳಿದವರೆಲ್ಲರಿಗೂ ಸಿಟ್ಟು ಬಂದಿದೆ ಎಂದು ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ.

ಕ್ವೇಕರ್ಸ್ ಹಿಲ್

ಮರುದಿನ ಶಂಕರ ನನ್ನನ್ನು ಕ್ವೇಕರ್ಸ್ ಹಿಲ್‌ಗೆ ಕರೆದುಕೊಂಡು ಹೋದ. ಶಾಂತಿ ಮಾಡಿಸುವ ಪುರೋಹಿತರ ಮನೆ ಅಲ್ಲಿ. ಅವರು ಮುಹೂರ್ತ ಹೇಳಿದರು, ಬೇಕಾದ ಸಾಮಾನು ಹೇಳಿದರು. ಯಾವ ಪ್ರಶ್ನೆ ಕೇಳಿದರೂ ಹತ್ತೇ ಸೆಕೆಂಡಿನಲ್ಲಿ ಉತ್ತರ! ಎಷ್ಟು ಹಿತವೆನಿಸಿತು ಎಂದರೆ, ಪಲ್ಲವಿಯೂ ಇವರ ಹತ್ತಿರ ನಾಲ್ಕು ದಿನ ತರಬೇತಿ ತೆಗೆದುಕೊಳ್ಳಬಾರದೇ ಎಂದುಕೊಂಡೆ.

ಬರುವ ದಾರಿಯಲ್ಲಿ ಅಂಗಡಿಗೆ ಹೊಕ್ಕೆವು. ಒಬ್ಬ ದಢೂತಿ ಗಂಡಸು ಬರಿಗಾಲಲ್ಲಿ ಹಾಲು, ಬ್ರೆಡ್ಡು ಆರಿಸುತ್ತಿದ್ದ. ಬಡವನಲ್ಲ, ಹೊರಗೆ ಅವನ ದೊಡ್ಡ ಕಾರು ನಿಂತಿತ್ತು. ಯಾರೂ ಅವನ ಕಾಲು ನೋಡಲಿಲ್ಲ, ನಾನೊಬ್ಬಳೇ ನೋಡಿದೆ. ನಾವು ಗುಡಿಯ ಮುಂದೆ ಚಪ್ಪಲಿ ಬಿಡುತ್ತೇವೆ, ಇವರು ಕಿರಾಣಿ ಅಂಗಡಿಗೆ ಆ ಮರ್ಯಾದೆ ಕೊಡುತ್ತಾರೆ.

ಪಾರ್ಕಿನ ಬೆಂಚಿನಲ್ಲಿ ಕೂತ ಮೇಲೆ ಶಂಕರ ಬಾಯಿಬಿಟ್ಟ.

"ಅಕ್ಕಾ, ನೀ ಮೆಲ್ಬರ್ನಿಗೆ ಹೋಗಿ ಬಾ. ಆಕಿ ಏನು ನೋಡತಾಳ, ಹೆಂಗ ನೋಡತಾಳ, ನಿನ್ನ ಕಣ್ಣಿಲೆ ನೋಡು. ನನಗ ಆಕಿ ಕೆಲಸ ತಿಳಿಯೂದಿಲ್ಲ. ನೀ ಹೋಗೂಣು ಅಂದ್ರ ಹೋಗೂಣು, ಬ್ಯಾಡ ಅಂದ್ರ ಬ್ಯಾಡ."

"ನೀ ಅಪ್ಪ. ನೀನ ಹೇಳೋ."

"ನಾ ಮಗಳ ಪಾರ್ಟಿ ಅಂತಾನ ಗಿರ್ಯಾ. ಮಗನ ಪಾರ್ಟಿ ಅಂತಾಳ ಆಕಿ. ಎರಡನೇ ಸಲಾನೂ ಆಕಿ ಮಾತು ಸುಳ್ಳಾತಂದ್ರ ಈ ಮನ್ಯಾಗ ಇನ್ನ ಆಕಿ ಮಾತಿಗೆ ಬೆಲಿ ಇರೂದಿಲ್ಲ, ಅಕ್ಕಾ. ಅದ ನನಗ ದೊಡ್ಡ ಚಿಂತಿ."

ನಾನು ಎದೆ ತಟ್ಟಿ ಒಪ್ಪಿಕೊಂಡೆ. ಹತ್ತನೇ ತರಗತಿಯ ಹುಡುಗಿಯರ ಬಾಯಿಂದ ಸತ್ಯ ಹೊರಡಿಸಿದವಳಿಗೆ ಸ್ವಂತ ಸೋದರ ಸೊಸೆಯಿಂದ ಹೌದು, ಇಲ್ಲ ಎಂಬ ಒಂದು ಮಾತು ತರುವುದು ಎಷ್ಟರ ಕೆಲಸ?

ಟ್ರುಗನಿನಾ

ಮೆಲ್ಬರ್ನಿನಲ್ಲಿ ಇಳಿದಾಗ ಬಿಸಿಲು. ಲಗೇಜು ಬರುವಷ್ಟರಲ್ಲಿ ಮಳೆ. ಕಾರು ಹತ್ತುವಾಗ ಹಲ್ಲು ಕಟಕಟ ಎನ್ನುವ ಗಾಳಿ. ಸ್ವೆಟರ್ ಹಾಕಿ, ತೆಗೆದು, ಮತ್ತೆ ಹಾಕಿ ಮನೆ ಮುಟ್ಟುವ ಹೊತ್ತಿಗೆ ನನಗೆ ಸುಸ್ತಾಗಿತ್ತು. ಪಲ್ಲವಿಯ ಗಂಡ ಕೆಲಸದ ಮೇಲೆ ಪರ್ತ್‌ಗೆ ಹೋಗಿದ್ದ, ಮನೆಯಲ್ಲಿ ನಾವಿಬ್ಬರೇ.

ಟ್ರುಗನಿನಾ ಎಂಬ ಆ ಸಬರ್ಬ್ ಬಟ್ಟಬಯಲು. ದೂರದಲ್ಲಿ ಸಾಲಾಗಿ ಗೋದಾಮುಗಳು, ಈಚೆಗೆ ಹೊಸ ಮನೆಗಳು, ಮೇಲೆ ಅಗಾಧ ಆಕಾಶ. ನವಲಗುಂದದ ಕಡೆಯ ಎರೆಹೊಲದ ನಡುವೆ ನಿಂತ ಹಾಗಾಯಿತು. ಪಲ್ಲವಿಯ ಹಿತ್ತಿಲಲ್ಲಿ ಕುಂಡದೊಳಗೆ ಒಂದು ಬಡಕಲು ಕರಿಬೇವು ಇತ್ತು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಇದನ್ನ ನೆಲಕ್ಕ ಹಚ್ಚು, ಮಗಾ. ಕುಂಡದಾಗ ಎಷ್ಟು ದಿನ ಉಪವಾಸ ಕೆಡವ್ತೀ?"

"ಅಲ್ಲಿ ಅಗ್ಯಾಕ ಆಗೂದಿಲ್ಲ, ಅತ್ಯಾ."

ಆಗುವುದಿಲ್ಲ ಎಂದರೆ ನಾನು ಕೇಳುವವಳೇ? ಅವಳು ಚಹಾ ಮಾಡುವಷ್ಟರಲ್ಲಿ ಹಾರೆ ತೆಗೆದುಕೊಂಡು ಒಂದೇಟು ಹಾಕಿದೆ. ಗೇಣು ಆಳಕ್ಕೆ ಹೋಗುವ ಮೊದಲೇ ಠಣ್ ಎಂದಿತು. ರಟ್ಟೆ ಜುಮ್ಮೆಂದು ಹಾರೆ ಕೈಯಿಂದ ಹಾರಿ ಬೇಲಿಗೆ ಬಡಿಯಿತು. ಪಕ್ಕದ ಮನೆಯ ಪಂಜಾಬಿ ಮುದುಕ ಬೇಲಿಯ ಮೇಲಿಂದ ಇಣುಕಿ, "ಬೆಹೆನ್‌ಜಿ, ಪತ್ಥರ್ ಹೈ, ಸಬ್ ಕೇ ಘರ್ ಮೇ ಹೈ" ಎಂದು ಸಮಾಧಾನ ಹೇಳಿದ.

ಮಣ್ಣು ಸರಿಸಿ ನೋಡಿದೆ. ಕಪ್ಪು ಕಲ್ಲು, ಅಲ್ಲಲ್ಲಿ ಸಣ್ಣ ಸಣ್ಣ ತೂತು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ! ನಮ್ಮ ಬೆಳಗಾವಿಯ ಮನೆಗಳ ಗೋಡೆ ಇದೇ ಕಲ್ಲಿನದು, ನಾನು ಹೊತ್ತು ತಂದ ಕುಟ್ಟಾಣಿಯೂ ಇದರದೇ ಬಳಗ.

"ಹೌದು, ಲಾವಾ" ಎಂದು ಪಲ್ಲವಿ ಚಹಾದ ಕಪ್ಪು ಕೊಟ್ಟಳು. "ಮೆಲ್ಬರ್ನಿನ ಈ ಪಶ್ಚಿಮದ ಕಡೆ ಎಲ್ಲಾ ಲಾವಾ ಹರದ ಬಯಲು, ಅತ್ಯಾ. ನಾವು ಈಗ ಕೂತಿರೋದ ಅದರ ಮ್ಯಾಲೆ. ಮಾರ್ಟ್‌ಗೇಜ್ ತಗೊಂಡು ಲಾವಾದ ಮ್ಯಾಲೆ ಮನಿ ಕಟ್ಟೇವಿ."

"ಇದು ಸಿಡದದ್ದು ಯಾವಾಗ?"

"ಭಾಳ ಹಿಂದ. ನೀವು ಚಿಂತಿ ಮಾಡಬ್ಯಾಡ್ರಿ, ಚಹಾ ಕುಡೀರಿ."

ನಾನು ಚಿಂತೆ ಮಾಡಲಿಲ್ಲ. ಸಂತೋಷವಾಯಿತು, ನಿಜ ಹೇಳುತ್ತೇನೆ. ಅಷ್ಟು ದೂರ ಬಂದು ನೆಲ ಬಡಿದರೆ ನಮ್ಮ ಊರಿನ ಕಲ್ಲೇ ಎದುರಾಯಿತು. ಕರಿಬೇವು ಮಾತ್ರ ಕುಂಡದಲ್ಲೇ ಉಳಿಯಿತು.

ಮೆಲ್ಬರ್ನ್ ಊರೊಳಗೆ

ಮರುದಿನ ಅವಳ ಆಫೀಸಿಗೆ ಹೋದೆ. ನನ್ನ ಮನಸ್ಸಿನಲ್ಲಿದ್ದದ್ದು ಬೆಳ್ಳಿ ಬಣ್ಣದ ಅಂಗಿ ತೊಟ್ಟು ಹೊಗೆಯ ಅಂಚಿನಲ್ಲಿ ನಿಂತ ಜನ. ಅಲ್ಲಿದ್ದದ್ದು ಕಾರ್ಪೆಟ್ಟು, ಕಂಪ್ಯೂಟರು, ಬಾಳೆಹಣ್ಣು ತಿನ್ನುತ್ತಿದ್ದ ಒಬ್ಬ ಹುಡುಗ. ಬೆಳಗಾವಿಯ ಯಾವುದೇ ಬ್ಯಾಂಕಿನಲ್ಲಿ ಇದಕ್ಕಿಂತ ಹೆಚ್ಚು ಬಿಸಿ ಇರುತ್ತದೆ. ನನ್ನ ಮುಖ ನೋಡಿಯೇ ಪಲ್ಲವಿ ನಕ್ಕಳು.

ಅವಳು ಮೊದಲು ತೋರಿಸಿದ್ದು ಉಪಗ್ರಹದ ಚಿತ್ರ. ಬೆಟ್ಟದ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರಗಳು. ಉಪಗ್ರಹ ಪ್ರತಿ ಸಲ ಹಾದುಹೋಗುವಾಗ ರಡಾರ್ ಕಿರಣ ಬಿಟ್ಟು ನೆಲದ ದೂರ ಅಳೆಯುತ್ತದೆ. ಹಿಂದಿನ ಸಲಕ್ಕೂ ಈ ಸಲಕ್ಕೂ ನೆಲ ಒಂದೆರಡು ಬೆರಳು ಮೇಲೆದ್ದರೂ ಈ ಉಂಗುರಗಳು ಮೂಡುತ್ತವೆ. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ಈ ಉಪಗ್ರಹದ ಮುಂದೆ ನಡೆಯುವುದಿಲ್ಲ.

"ಅಂದ್ರ ಗುಡ್ಡ ಉಬ್ಬೇದೇನು?"

"ಹೌದು, ಉಬ್ಬೇದ. ಕೆಳಗಿಂದ ಕರಗಿದ ಕಲ್ಲು ಮ್ಯಾಲೆ ಬರಲಿಕ್ಕತ್ತದ. ಹಂಚಿನ ಮ್ಯಾಲಿನ ರೊಟ್ಟಿ ಉಬ್ಬತದಲ್ಲ, ಹಂಗ. ಆದರ ರೊಟ್ಟಿ ಎಲ್ಲಿ ಹರೀತದ, ಹರೀತದೋ ಹಂಗ ಇಳೀತದೋ, ಅದನ್ನ ರೊಟ್ಟಿ ಬಡಿಯೋರೂ ಹೇಳಲಿಕ್ಕೆ ಆಗೂದಿಲ್ಲ."

ಉಬ್ಬುವುದೊಂದೇ ಅಲ್ಲ. ಬೆಟ್ಟದ ಮೈಮೇಲೆ ಹೂತಿಟ್ಟ ಯಂತ್ರಗಳು ಮನುಷ್ಯರಿಗೆ ತಿಳಿಯದಷ್ಟು ಸಣ್ಣ ಸಣ್ಣ ಕಂಪನಗಳನ್ನು ಹಿಡಿಯುತ್ತವೆ. ಕಲ್ಲು ಸೀಳುವಾಗ ತೆರೆಯ ಮೇಲೆ ಒಂದು ತರಹದ ಗೀಟು, ಕರಗಿದ ಕಲ್ಲು ಹರಿಯುವಾಗ ಇನ್ನೊಂದು ತರಹ. ಗಂಧಕದ ಹೊಗೆ ಎಷ್ಟು ಬರುತ್ತಿದೆ, ಬಾಯಿಯ ಸುತ್ತ ಶಾಖ ಎಷ್ಟು ಏರಿದೆ, ಅದನ್ನೂ ಅಳೆಯುತ್ತಾರೆ. ಆ ದ್ವೀಪದಲ್ಲೇ ಬೆಟ್ಟ ಕಾಣುವ ಹಾಗೆ ಒಂದು ಠಾಣೆ ಇದೆ. ಅಲ್ಲಿಯವರು ಹಗಲೂ ರಾತ್ರಿ ಕಣ್ಣಿಟ್ಟಿರುತ್ತಾರೆ, ಎಚ್ಚರಿಕೆ ಕೊಡುವ ಹಕ್ಕು ಅವರದು. ಪಲ್ಲವಿಯ ಕೆಲಸ ಮೇಲಿನಿಂದ ನೋಡಿದ್ದನ್ನು ಅವರಿಗೆ ಮುಟ್ಟಿಸುವುದು. ಅಪಾಯ ಏರಿದ ಹಾಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ವಿಮಾನದವರಿಗಾಗಿ ಕೊಡುವ ಬಣ್ಣವನ್ನು ಯಾರು ಬೇಕಾದರೂ ನೋಡಬಹುದು.

ಅವಳ ಜೊತೆ ಕೆಲಸ ಮಾಡುವ ಹೆಲೆನ್ ಎಂಬ ಹಿರಿಯ ಹೆಂಗಸು ಲಾವಾ ಹರಿಯುವ ಜಾಗಗಳಲ್ಲೇ ಅರ್ಧ ಆಯುಷ್ಯ ಕಳೆದವಳು. ಸುತ್ತಿಗೆಯ ಮೊನೆಯಿಂದ ಕೆಂಪಗಿನ ಲಾವಾ ಬಗೆದು ಬಕೆಟಿನ ನೀರಿಗೆ ಹಾಕುತ್ತಿದ್ದೆ, ಥಟ್ಟನೆ ತಣಿಸಿದರೆ ಅದರೊಳಗೆ ಏನಿತ್ತೆಂದು ಗೊತ್ತಾಗುತ್ತದೆ ಎಂದು ಕೈಯಾಡಿಸಿ ಹೇಳಿದಳು. ಈಗ ಡ್ರೋನ್ ಹಾರಿಸುತ್ತಾರಂತೆ. ಲಾವಾ ಹೊರಬಿದ್ದರೆ ಯಾವ ಕಡೆ ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಹರಿಸಿ ನೋಡಬಹುದು. ಹೆಚ್ಚಾಗಿ ನೀರು ಹರಿಯುವ ಹಳ್ಳವೇ ಅದರ ದಾರಿ. ಆದರೆ ಹರಿಯುತ್ತ ಹರಿಯುತ್ತ ಮೇಲ್ಮೈ ಆರಿ ತನಗೆ ತಾನೇ ಒಡ್ಡು ಕಟ್ಟಿಕೊಂಡು ಪಕ್ಕಕ್ಕೆ ಹೊರಳುತ್ತದೆ. ಹಾಗಾಗಿ ದಿನವೂ ಹೊಸದಾಗಿ ಅಳೆಯಬೇಕು. ನಮ್ಮ ರಿಸಾರ್ಟ್ ಎಲ್ಲಿ ಎಂದು ಕೇಳಿದೆ. ಪಲ್ಲವಿ ಬೆರಳಿಟ್ಟಳು. ಹಳ್ಳದ ಬಾಯಲ್ಲೇ ಇತ್ತು.

ಆಸ್ಟ್ರೇಲಿಯಾಕ್ಕೂ ಸ್ವಂತದ್ದೊಂದು ಬೆಂಕಿಬೆಟ್ಟ ಇದೆ, ಅಂಟಾರ್ಕ್ಟಿಕಾದ ದಾರಿಯಲ್ಲಿ, ಮನುಷ್ಯರೇ ಇಲ್ಲದ ದ್ವೀಪದಲ್ಲಿ. ಪಲ್ಲವಿ ಅದನ್ನೂ ನೋಡುತ್ತಾಳೆ. ಪೆಂಗ್ವಿನ್‌ಗಳಿಗಾಗಿ ಇವಳು ಕಣ್ಣು ನೋಯಿಸಿಕೊಳ್ಳುವುದು ಕಂಡು ನನಗೆ ಜೋಳದ ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ಕೂಡುವವರು ನೆನಪಾದರು. ಹಕ್ಕಿ ಬಾರದ ದಿನವೂ ಅವರು ಇಳಿಯುವುದಿಲ್ಲ.

ಇಷ್ಟೆಲ್ಲ ಆದರೂ ನಾನು ಬಂದ ಕೆಲಸ ಆಗಿರಲಿಲ್ಲ. ಊಟದ ಹೊತ್ತಿಗೆ ಸಣ್ಣ ಕೋಣೆಗೆ ಕರೆದು ಬಾಗಿಲು ಹಾಕಿದೆ.

"ಈಗ ಯಾರೂ ಇಲ್ಲ. ನನಗೊಬ್ಬಾಕಿಗೆ ಹೇಳು. ಶಾಂತಿ ದಿವಸ ಅದು ಸಿಡೀತದೋ ಇಲ್ಲೋ?"

"ಗೊತ್ತಿಲ್ಲ, ಅತ್ಯಾ."

"ಅಡ್ಡಗೋಡೆ ಮ್ಯಾಲೆ ದೀಪಾ ಇಡಬ್ಯಾಡ! ನಿಮ್ಮವ್ವ ಅಲ್ಲಿ ಅಳಲಿಕ್ಕತ್ತಾಳ. ರಾಘಣ್ಣ ಬರೂದು ತಪ್ಪತದ. ಒಳಗಿನ ಸುದ್ದಿ ಏನಾದ್ರೂ ಇದ್ರ ಹೇಳು."

ಪಲ್ಲವಿಯ ಕಣ್ಣಲ್ಲಿ ನೀರು ಬಂತು. ದನಿ ಮಾತ್ರ ಅಲುಗಲಿಲ್ಲ.

"ಒಳಗಿನ ಸುದ್ದಿ ಅಂತ ಒಂದು ಇಲ್ಲ. ಆ ಊರಿನವರಿಗೆ ಹೇಳದ್ದನ್ನ ನಾ ನಮ್ಮ ಮನಿಯವರಿಗೆ ಹೇಳಬಾರದು. ಅವರಿಗೆ ಹೇಳಿದಷ್ಟ ನಿಮಗೂ ಹೇಳೇನಿ. ಉಬ್ಬೇದ. ಕಂಪನ ಹೆಚ್ಚಾಗ್ಯದ. ಹಿಂಗ ಉಬ್ಬಿದ ಗುಡ್ಡಗಳೊಳಗ ಕೆಲವು ಸಿಡೀತಾವ, ಕೆಲವು ಸುಮ್ಮನಾಗ್ತಾವ. ಇದು ಯಾವುದು ಅಂತ ನನಗ ಗೊತ್ತಿಲ್ಲ. ಗೊತ್ತದ ಅಂತ ಹೇಳಿದ್ರ ಅದು ಸುಳ್ಳಾಗ್ತದ, ಅತ್ಯಾ. ನನ್ನ ಹತ್ರ ಪಂಚಾಂಗ ಇಲ್ಲ."

ನನಗೆ ಸಿಟ್ಟು ಬಂತು. ಬಾಗಿಲು ಹಾಕಿ ಕೇಳಿದರೂ, ಅತ್ತರೂ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹಟಮಾರಿ! ಆದರೆ ಟ್ರಾಮಿನಲ್ಲಿ ಕೂತು ಸ್ಟೇಷನ್ನಿಗೆ ಬರುವಾಗ ಆ ಸಿಟ್ಟು ಎಲ್ಲಿ ಇಳಿಯಿತೋ ಇಳಿದೇ ಹೋಯಿತು. ಇಂಥ ಹುಡುಗಿ ಸುಮ್ಮಸುಮ್ಮನೆ ಹೆದರಿಸುವವಳಲ್ಲ. ಮನೆ ಮುಟ್ಟಿದ ಕೂಡಲೇ ಶಂಕರನಿಗೆ ಫೋನ್ ಮಾಡಿದೆ.

"ಬ್ಯಾಡ ಶಂಕರಾ. ಹೋಗೂದು ಬ್ಯಾಡ."

"ಯಾಕ, ಸಿಡೀತದಂತೇನು?"

"ನನಗ ಗೊತ್ತಿಲ್ಲ."

"ಆಕಿಗೆ?"

"ಆಕಿಗೂ ಗೊತ್ತಿಲ್ಲ."

ಆ ಕಡೆ ತಮ್ಮ ನಕ್ಕ. "ಹಂಗಾದ್ರ ಆಕಿ ಖರೇನ ಹೇಳ್ತಾಳ. ಬ್ಯಾಡ, ಅಕ್ಕಾ. ಶಾಂತಿ ಪಲ್ಲವಿ ಮನ್ಯಾಗ ಆಗಲಿ."

ಮತ್ತೆ ಟ್ರುಗನಿನಾ

ನಾನು ಸಿಡ್ನಿಗೆ ಮರಳಿದ ಮೇಲೆ ಆ ಮೂರು ವಾರ ಸುಧಾ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. "ಅಕ್ಕಾರ, ಊಟಕ್ಕ ಬರ್ರಿ." "ಅಕ್ಕಾರ, ಬಿಸಿನೀರು ಅದರೀ." ಅಷ್ಟೇ. ತೀರ್ಪು ಕೊಟ್ಟವಳು ನಾನು. ದೇವರ ಮುಂದೆ ದೀಪ ಹಚ್ಚುವಾಗ, ಬೆಟ್ಟ ಸಿಡಿದರೆ ನಮ್ಮ ಮಾತು ಉಳಿಯುತ್ತದೆ ಎಂದು ಒಮ್ಮೆ ಮನಸ್ಸಿಗೆ ಬಂತು. ಮರುಕ್ಷಣ ಆ ಠಾಣೆಯವರು, ಬೆಟ್ಟದ ಕೆಳಗಿನ ಊರಿನವರು ನೆನಪಾಗಿ ಕೆನ್ನೆ ಬಡಿದುಕೊಂಡೆ.

ಶಾಂತಿಯ ದಿನ ಎಲ್ಲರೂ ಪಲ್ಲವಿಯ ಮನೆಯಲ್ಲಿ ಸೇರಿದೆವು. ಬೆಟ್ಟ ಸುಮ್ಮನಿತ್ತು.

ಸುಮ್ಮನಿತ್ತು ಅಂದರೆ ಏನು ಸುಮ್ಮನಿತ್ತು! ಗಿರೀಶ ಹೋಮದ ಹೊಗೆಯ ನಡುವೆಯೇ ಫೋನ್ ತೆಗೆದು ಎಲ್ಲರಿಗೂ ತೋರಿಸಿದ. ಅದೇ ರಿಸಾರ್ಟಿನಿಂದ ಯಾರೋ ಬೆಳಿಗ್ಗೆ ಹಾಕಿದ ಫೋಟೋ. ನೀಲಿ ಆಕಾಶ, ತೊಳೆದಿಟ್ಟಂಥ ಬೆಟ್ಟ, ಕೊಳದಲ್ಲಿ ಈಜುವ ಜನ. ಪಲ್ಲವಿಯ ಗೆಳತಿಯರು, ಅಕ್ಕಪಕ್ಕದವರು, ಪಂಜಾಬಿ ಮುದುಕ ಎಲ್ಲರೂ ಹಿತ್ತಿಲಿನ ಚಪ್ಪರದಲ್ಲಿದ್ದರು. ರಾಘಣ್ಣ ಹುಬ್ಬಳ್ಳಿಯಿಂದ ವಿಡಿಯೋದಲ್ಲಿದ್ದ. ಆಹೇರಿಯ ಸೀರೆಯನ್ನು ಕ್ಯಾಮೆರಾದ ಮುಂದೆ ಹಿಡಿದು, "ಸುಧಾ, ಬಣ್ಣ ಕಾಣತದೇನವಾ?" ಎಂದ. ಸುಧಾ ಹೌದೆಂದು ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಲ್ಲವಿ ಅಡುಗೆಮನೆ ಬಿಟ್ಟು ಹೊರಗೆ ಬರಲೇ ಇಲ್ಲ. ಶಾಂತಿಯ ಅಡುಗೆಗೆಂದು ಸುಧಾ ಸಿಡ್ನಿಯಿಂದ ತಂದಿದ್ದ ನನ್ನ ಕುಟ್ಟಾಣಿಯಲ್ಲಿ ಬೇಕಿಲ್ಲದಷ್ಟು ಚಟ್ನಿ ಕುಟ್ಟುತ್ತ ಕೂತಿದ್ದಳು.

ಊಟಕ್ಕೆ ಮೊದಲು ಮಕ್ಕಳು ಕಾಲಿಗೆ ಬೀಳುವ ಹೊತ್ತು. ಶಂಕರ, "ಪಲ್ಲವೀ" ಎಂದು ಗಟ್ಟಿಯಾಗಿ ಕೂಗಿದ. ಅವಳು ಕೈ ತೊಳೆದು ಬಂದಳು. ಬಗ್ಗುವ ಮೊದಲೇ ಅವನು ತಡೆದ. ಅರವತ್ತು ತುಂಬಿದವನ ಮಾತನ್ನು ಅಂದು ಯಾರೂ ನಡುವೆ ಕಡಿಯುವ ಹಾಗಿಲ್ಲ.

"ನಮ್ಮ ಕಡೆ ಮಳಿಗಾಲದಾಗ ಒಂದಿನ ಗಾಳಿ ಎದ್ದಿತ್ತು" ಎಂದ. "ನಮ್ಮ ಹುಡುಗರು ಕಂಬದ ಮ್ಯಾಲೆ ಇದ್ರು. ನಾ ಲೈನ್ ಬಂದ್ ಮಾಡಿಸಿದೆ. ಅವತ್ತ ಆ ಊರಾಗ ಒಂದು ಮದವಿ. ಹಂದರದ ತುಂಬ ಕತ್ತಲಿ. ಗಾಳಿ ಬಂತು, ಹೋತು, ಒಂದು ಟೊಂಗಿ ಮುರೀಲಿಲ್ಲ. ಬೀಗರು ಆಫೀಸಿಗೆ ಬಂದು ನನ್ನ ಮಾರಿಗೆ ಉಗಳೂದೊಂದು ಬಾಕಿ. ನಾ ಕೈಮುಗದು ನಿಂತೆ. ಮುಂದಿನ ಸಲ ಗಾಳಿ ಎದ್ದಾಗ ನಾ ಏನು ಮಾಡಿದೆ, ಹೇಳ್ರಿ ನೋಡೂಣು?"

ಗಿರೀಶ ಫೋನಿನಿಂದ ತಲೆಯೆತ್ತಿದ.

"ಮತ್ತ ಬಂದ್ ಮಾಡಿದೆ" ಎಂದ ಶಂಕರ. "ಕಂಬಾ ಹತ್ತಿದ ಹುಡುಗರು ಸಂಜಿಕ್ಕ ಮನಿಗೆ ಹೋಗಿ ಉಂಡ್ರು. ನನಗ ಅಷ್ಟ ಸಾಕಾಗಿತ್ತು." ಆಮೇಲೆ ಮಗಳ ಕಡೆ ತಿರುಗಿದ. "ರಾಘಣ್ಣನ ಕರಕೊಂಡು ಮುಂದಿನ ತಿಂಗಳು ಆ ದ್ವೀಪಕ್ಕ ಹೋಗಬೇಕಂತ ಮಾಡೇನಿ. ಏನಂತದ ನಿನ್ನ ಗುಡ್ಡ?"

ಎಲ್ಲರ ಕಣ್ಣು ಪಲ್ಲವಿಯ ಮೇಲೆ. ಹೋಗಬಹುದು ಎಂದು ಅವಳು ಅಂದುಬಿಟ್ಟಿದ್ದರೆ ಅಮ್ಮ ನಗುತ್ತಿದ್ದಳು, ಅಣ್ಣ ತಣ್ಣಗಾಗುತ್ತಿದ್ದ, ದಿನ ಹಗುರಾಗುತ್ತಿತ್ತು.

"ಉಬ್ಬು ಇನ್ನೂ ಇಳಿದಿಲ್ಲಪ್ಪಾ" ಎಂದಳು. "ಸಿಡೀತದೋ ಇಲ್ಲೋ, ಗೊತ್ತಿಲ್ಲ."

"ಹಂಗಾದ್ರ ತಡಿಯೂಣು" ಎಂದು ಶಂಕರ ಅವಳ ತಲೆಯ ಮೇಲೆ ಅಕ್ಷತೆ ಹಾಕಿದ. ಗಿರೀಶ ಫೋನನ್ನು ಜೇಬಿಗಿಟ್ಟ. ನನ್ನ ತಮ್ಮ ಜೀವನದಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನೇ ಎದ್ದು ಎಲ್ಲರಿಗೂ ಚಟ್ನಿ ಬಡಿಸಿದೆ. ಚಟ್ನಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಆದರೂ ಖಾಲಿಯಾಯಿತು.

ಸಂಜೆ ಪಾತ್ರೆ ಒರೆಸುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ತಾಯಿ ಮಗಳು ನಿಂತಿರುವುದು ಕಂಡಿತು. ಸುಧಾ ತನ್ನ ಫೋನನ್ನು ಮಗಳ ಕೈಗೆ ಕೊಟ್ಟು ಕೇಳುತ್ತಿದ್ದಳು. "ಆ ಬಣ್ಣ ತೋರಸೂದು ಎಲ್ಲದ ಮಗಾ, ಇದರಾಗ ಹಾಕಿಕೊಡು. ನಾನೂ ನೋಡ್ತೇನಿ."

ಬೆಳಗಾವಿ

ವಾಪಸ್ಸು ಬಂದು ತಿಂಗಳುಗಳೇ ಆದವು. ಕಂಡವರೆಲ್ಲ ಆಸ್ಟ್ರೇಲಿಯಾದಲ್ಲಿ ಕಾಂಗರೂ ನೋಡಿದಿರಾ ಎಂದು ಕೇಳುತ್ತಾರೆ. ಜ್ವಾಲಾಮುಖಿ ನೋಡಿದೆ, ಅದನ್ನು ನೋಡುವವಳ ಬೆನ್ನ ಹಿಂದೆ ನಿಂತು ನೋಡಿದೆ ಎನ್ನುತ್ತೇನೆ. ಸಿಡಿಯಿತೇ ಎನ್ನುತ್ತಾರೆ. ಇಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತದೆ. ರಾಘಣ್ಣನ ವೀಸಾ ಆಗಿದೆ, ದಸರೆಯ ಹೊತ್ತಿಗೆ ಸಿಡ್ನಿಗೇ ಹೋಗುತ್ತಾನೆ, ಸೀರೆಯನ್ನೂ ಒಯ್ಯುತ್ತಾನೆ.

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಸುಧಾಳ ದನಿ ಬಂದು ಕೂತಿರುತ್ತದೆ. ಅಲ್ಲಿ ಅವಳ ಪೂಜೆ ಮುಗಿದಿರುತ್ತದೆ. ಒಂದು ದಿನವೂ ತಪ್ಪಿಲ್ಲ. ಇವತ್ತು ಬಂದದ್ದೂ ಅದೇ.

"ಅಕ್ಕಾರ, ಇವತ್ತೂ ಕಿತ್ತಳಿ ಬಣ್ಣಾನ ಅದರೀ. ಹೆದರಬ್ಯಾಡ್ರಿ, ಪಲ್ಲವಿ ನೋಡ್ಲಿಕ್ಕತ್ತಾಳ."